ಬೈಗುಳ, ಆಣೆ, ಶಾಪ: ಯಾವುದು ಪಾಪ, ಬಾಯಿಂದ ಬಿಡಿಸುವುದು ಹೇಗೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜಿನ ಹೊತ್ತು. 15 ಕೆ.ಜಿ. ಬಾಕ್ಸೊಂದು ಕೈಜಾರಿ ಹಮಾಲಿಯ ಕಾಲ್ಬೆರಳ ಮೇಲೆ ಬೀಳುತ್ತದೆ. ನೋವಿಗೆ ಅವನ ಬಾಯಿಂದ ಒಂದು ಹೊಲಸು ಮಾತು ಹೊರಡುತ್ತದೆ. ಮಾಲಿನ ಯಜಮಾನ ಅವನ ಕಾಲು ನೋಡುವ ಮೊದಲೇ "ಬೋಳಿಮಗನೆ, ಕಣ್ಣೆಲ್ಲಿಟ್ಟಿದ್ದೀಯ" ಅನ್ನುತ್ತಾನೆ. ಎರಡು ನಿಮಿಷ ಬಿಟ್ಟು ಅದೇ ಯಜಮಾನ ವ್ಯಾಪಾರಿಯ ಹತ್ತಿರ "ದೇವರಾಣೆ ಅಣ್ಣಾ, ಹಾಕಿದ ದುಡ್ಡೂ ಬಂದಿಲ್ಲ" ಅಂತ ಸುಳ್ಳು ಹೇಳುತ್ತಾನೆ.

ಇಬ್ಬರೂ ಕಥೋಲಿಕರು ಅಂದುಕೊಳ್ಳಿ. ಶನಿವಾರ ಸಂಜೆ ಪಾಪನಿವೇದನೆಗೆ (ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳಲು) ಹೋದರೆ ಇಬ್ಬರೂ "ಕೆಟ್ಟ ಮಾತಾಡಿದೆ ಫಾದರ್" ಅಂತ ಒಂದೇ ಸಾಲು ಹೇಳಿ ಎದ್ದು ಬರುತ್ತಾರೆ. ಆದರೆ ಆ ಮೂರು ಮಾತುಗಳ ತೂಕ ಒಂದೇ ಅಲ್ಲ. ಕಿವಿಗೆ ಎಲ್ಲಕ್ಕಿಂತ ಅಸಹ್ಯವಾಗಿ ಕೇಳಿದ್ದು ಹಮಾಲಿಯ ಮಾತು. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ತಕ್ಕಡಿಯಲ್ಲಿ ಅದೇ ಎಲ್ಲಕ್ಕಿಂತ ಹಗುರ. ಒಂದೂ ಹೊಲಸು ಪದವಿಲ್ಲದ ಮೂರನೆಯ ಮಾತು ಎಲ್ಲಕ್ಕಿಂತ ಭಾರ. ಇದು ಗೊತ್ತಿಲ್ಲದೆ ಬಾಯಿ ತಿದ್ದಿಕೊಳ್ಳಲು ಹೊರಟವರು ಸಣ್ಣದಕ್ಕೆ ಗುದ್ದಾಡಿ ದೊಡ್ಡದನ್ನು ಹಾಗೇ ಉಳಿಸಿಕೊಳ್ಳುತ್ತಾರೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಆಡಿದ ಮಾತು ಯಾರ ಮೇಲೆ ಬಿತ್ತು? ದೇವರ ಮೇಲೋ, ಮನುಷ್ಯರ ಮೇಲೋ, ಯಾರ ಮೇಲೂ ಬೀಳದೆ ಗಾಳಿಗೆ ಹೋಯಿತೋ?

ದೇವರ ಹೆಸರಿನ ಮೇಲೆ ಬಿದ್ದದ್ದು

"ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದು" ಎಂಬುದು ನಮ್ಮ ಕಥೋಲಿಕ ಎಣಿಕೆಯಲ್ಲಿ ಹತ್ತು ಕಟ್ಟಳೆಗಳ ಪೈಕಿ ಎರಡನೆಯದು (ಬೈಬಲ್ಲಿನ ವಿಮೋಚನಾಕಾಂಡ 20:7). ಕೆಜಿಎಫ್‌ನಂಥ ಕಡೆ ಪಕ್ಕದ ಸಿಎಸ್‌ಐ (ಪ್ರೊಟೆಸ್ಟೆಂಟ್) ಮನೆಯ ಮಕ್ಕಳು ಇದನ್ನೇ ಮೂರನೆಯದು ಅನ್ನುತ್ತಾರೆ. ಎಣಿಸುವ ಕ್ರಮ ಮಾತ್ರ ಬೇರೆ, ಕಟ್ಟಳೆ ಅದೇ.

ಇದರಡಿ ಬರುವ ಅತಿ ದೊಡ್ಡ ತಪ್ಪು ದೇವದೂಷಣೆ: ದೇವರ ವಿರುದ್ಧ ದ್ವೇಷದ, ಧಿಕ್ಕಾರದ ಮಾತಾಡುವುದು. ಧರ್ಮಸಭೆಯನ್ನು, ಸಂತರನ್ನು, ಪವಿತ್ರ ವಸ್ತುಗಳನ್ನು ಹಾಗೆ ಹೀಯಾಳಿಸುವುದೂ ಇದಕ್ಕೇ ಸೇರುತ್ತದೆ. ಧರ್ಮಸಭೆಯ ಬೋಧನೆಗಳ ಅಧಿಕೃತ ಗ್ರಂಥವಾದ 1992ರ ಕ್ಯಾಟೆಕಿಸಂ ಇದನ್ನು 2148ನೇ ಪರಿಚ್ಛೇದದಲ್ಲಿ ಸ್ವಭಾವತಃ ಗಂಭೀರ ಪಾಪ ಎಂದೇ ಹೇಳುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಜನರನ್ನು ಸುಮ್ಮನೆ ನೋಯಿಸುತ್ತಿದೆ. ಮಗನನ್ನು ಕಳೆದುಕೊಂಡ ತಾಯಿ "ದೇವರೇ, ನಿನಗೆ ಕಣ್ಣಿಲ್ವಾ" ಅಂತ ಎದೆ ಬಡಿದುಕೊಂಡರೆ ಅದು ದೇವದೂಷಣೆಯಲ್ಲ. ಬೋರ್ವೆಲ್ಲು ಸಾವಿರ ಅಡಿ ಇಳಿದರೂ ನೀರು ಬರದೆ ರೈತ "ಯಾಕಪ್ಪಾ ಹಿಂಗ್ ಮಾಡ್ದೆ" ಅಂತ ಆಕಾಶ ನೋಡಿ ಕೂಗಿದರೂ ಅಲ್ಲ. "ಪ್ರಭುವೇ ಎದ್ದೇಳು, ಯಾಕೆ ನಿದ್ದೆ ಮಾಡುತ್ತಿದ್ದೀಯೆ" ಎಂದು 44ನೇ ಕೀರ್ತನೆಯೇ ಕೂಗುತ್ತದೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಆಡಿದ್ದೂ 22ನೇ ಕೀರ್ತನೆಯ "ನನ್ನನ್ನೇಕೆ ಕೈಬಿಟ್ಟೆ" ಎಂಬ ಮಾತು. ದೇವರ ಕಡೆಗೆ ತಿರುಗಿ ಅಳುವುದು ಪ್ರಾರ್ಥನೆ. ಅಂಥವರಿಗೆ "ಹಂಗನ್ಬಾರ್ದು, ಪಾಪ ಬರುತ್ತೆ" ಅಂತ ಬುದ್ಧಿ ಹೇಳಲು ಹೋಗಬೇಡಿ.

"ಅಯ್ಯೋ ದೇವ್ರೇ" ಅನ್ನುವುದೂ ಹೆಚ್ಚಿನ ಸಲ ಮೊರೆಯೇ. ಚಟವಾಗಿ, ಬೇಜಾರಾದಾಗ, ಟೊಮೆಟೊ ರೇಟು ಕೇಳಿದಾಗ, ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದಾಗ ಅರ್ಥವಿಲ್ಲದೆ ಉದುರುತ್ತಿದ್ದರೆ ಅದು ಗೌರವದ ಕೊರತೆ, ಸಾಮಾನ್ಯವಾಗಿ ಅಲ್ಪ ಪಾಪ. ಇತ್ತೀಚೆಗೆ ಇಂಗ್ಲಿಷ್ ಸೀರೀಸ್ ನೋಡಿ ಹುಡುಗರು "ಜೀಸಸ್ ಕ್ರೈಸ್ಟ್" ಅಂತ ಬೈಗುಳದ ಜಾಗದಲ್ಲಿ ಹೇಳುವುದನ್ನು ಕಲಿತಿದ್ದಾರೆ. ಕನ್ನಡದ ಬಾಯಲ್ಲಿ ಈ ಚಾಳಿ ಇರಲಿಲ್ಲ. ಪೂಜೆಯಲ್ಲಿ ಯೇಸುವಿನ ಹೆಸರು ಬಂದಾಗ ತಲೆಬಾಗುವ ಪದ್ಧತಿ ನಮ್ಮದು. ಆ ಹೆಸರಿಗೆ ಗೌರವ ಕೊಡಿಸಬೇಕೆಂದು 1274ರಲ್ಲೇ ಬಿಷಪ್ಪರು ಸೇರಿದ ಲಿಯೋನ್ ಮಹಾಸಭೆ ಹೇಳಿತ್ತು. ಈ ಒಂದು ಚಾಳಿಯನ್ನು ಮನೆಯಲ್ಲಿ ಕೇಳಿದ ದಿನವೇ ನಿಲ್ಲಿಸಿ, ಬೇರೂರಲು ಬಿಡಬೇಡಿ.

ಇನ್ನು ಆಣೆ. "ದೇವರಾಣೆ", "ಬೈಬಲ್ ಮುಟ್ಟಿ ಹೇಳ್ತೀನಿ", "ಮಾತೆ ಮೇಲಾಣೆ", "ನನ್ನ ಮಕ್ಕಳ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ". ಆಣೆ ಎಂದರೆ ದೇವರನ್ನು ಸಾಕ್ಷಿಗೆ ಕರೆಯುವುದು. ಧರ್ಮಸಭೆಯ ಕಾನೂನು ಅದಕ್ಕೆ ಮೂರು ಷರತ್ತು ಹಾಕುತ್ತದೆ: ಸತ್ಯ, ವಿವೇಚನೆ, ನ್ಯಾಯ. ಹೇಳುವುದು ನಿಜವಿರಬೇಕು, ವಿಷಯ ಆಣೆಗೆ ತಕ್ಕಷ್ಟು ದೊಡ್ಡದಿರಬೇಕು, ಉದ್ದೇಶ ನ್ಯಾಯವಾಗಿರಬೇಕು. ಕೋರ್ಟಿನ ಕಟಕಟೆಯಲ್ಲಿ ಪ್ರಮಾಣ ಮಾಡುವುದು ಇದರೊಳಗೆ ಬರುತ್ತದೆ, ಅದಕ್ಕೆ ಅಂಜಬೇಕಿಲ್ಲ. ಟೊಮೆಟೊ ರೇಟಿಗೆ, ರೇಷ್ಮೆಗೂಡಿನ ಲಾಟಿಗೆ, ಚೀಟಿ ಕಂತಿಗೆ ದೇವರನ್ನು ಕರೆಯುವುದು ಬರುವುದಿಲ್ಲ. "ನಿನ್ನ ತಲೆಯ ಮೇಲೆಯೂ ಆಣೆಯಿಡಬೇಡ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನು" ಎಂಬುದು ಮತ್ತಾಯ 5ನೇ ಅಧ್ಯಾಯದ ಮಾತು. ಸುಳ್ಳಿಗೆ ಆಣೆಯಿಟ್ಟರೆ ದೇವರನ್ನೇ ಸುಳ್ಳಿನ ಸಾಕ್ಷಿ ಮಾಡಿದಂತೆ. ಯಜಮಾನನ ಮೂರನೆಯ ಮಾತು ಭಾರವಾದದ್ದು ಅದಕ್ಕೇ.

ಮನುಷ್ಯರ ಮೇಲೆ ಬಿದ್ದದ್ದು

ಬೈಗುಳದ ಒಳಗೆ ಏನಿದೆ ಅಂತ ಒಮ್ಮೆ ಬಿಡಿಸಿ ನೋಡಬೇಕು. ಬೋಳಿ, ಮುಂಡೆ ಎಂದರೆ ತಲೆ ಬೋಳಿಸಿದ ವಿಧವೆ. "ಬೋಳಿಮಗ", "ಮುಂಡೇಮಗ" ಅಂದಾಗ ಎದುರಿಗಿರುವ ಗಂಡಸಿಗೆ ಅರ್ಧ ತಾಗುತ್ತದೆ. ಉಳಿದರ್ಧ ಹೋಗಿ ಬೀಳುವುದು ಅಲ್ಲಿಲ್ಲದ ಅವನ ತಾಯಿಯ ಮೇಲೆ, ಗಂಡ ಸತ್ತ ಎಲ್ಲ ಹೆಂಗಸರ ಮೇಲೆ. ಅಕ್ಕ, ಅಮ್ಮನನ್ನು ಎತ್ತಿ ಬೈಯುವ ಪದಗಳೂ ಹಾಗೇ. ವಿಧವೆಯನ್ನು ಬಾಧಿಸಬಾರದು, ಅವಳು ಮೊರೆಯಿಟ್ಟರೆ ಕೇಳುತ್ತೇನೆ ಎಂದು ವಿಮೋಚನಾಕಾಂಡದ 22ನೇ ಅಧ್ಯಾಯದಲ್ಲಿ ದೇವರು ಸ್ಪಷ್ಟವಾಗಿ ಹೇಳಿದ್ದಾರೆ. ಆ ಪದವನ್ನು ಸಲೀಸಾಗಿ ಆಡುವವರ ಮನೆಯಲ್ಲೇ ಒಬ್ಬ ವಿಧವೆ ಅಜ್ಜಿ ಕೂತಿರುತ್ತಾಳೆ.

ಜಾತಿ ಎತ್ತಿ ಬೈಯುವುದು ಇದಕ್ಕಿಂತಲೂ ಕೀಳು. ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿನಿಂದ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕ್ರೈಸ್ತರಾದ ದಲಿತರು 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ಆ ಕಾಯ್ದೆ ಅವರ ಕೈಹಿಡಿಯುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡವರು ಹೊರಗೆ ಬಂದು ಜಾತಿ ಎತ್ತಿದರೆ ಕಾನೂನು ಬಾರದಿರಬಹುದು, ಪಾಪ ಬರುತ್ತದೆ. ಇದನ್ನು "ಬಾಯಿತಪ್ಪಿ ಬಂತು" ಎಂಬ ಪಟ್ಟಿಗೆ ಸೇರಿಸಬಾರದು.

ಸಹೋದರನನ್ನು "ರಾಕಾ" (ತಲೆಯಿಲ್ಲದವನೇ ಎಂಬ ಬೈಗುಳ), "ಮೂರ್ಖ" ಎಂದವನಿಗೂ ತೀರ್ಪು ಉಂಟೆಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:22). ಹಾಗಾದರೆ ಮಗನಿಗೆ "ದಡ್ಡ" ಅನ್ನುವ ಅಪ್ಪ? ಫರಿಸಾಯರೆಂಬ ಯೆಹೂದಿ ಧರ್ಮನಿಷ್ಠರಿಗೆ "ಕುರುಡರೇ, ಮೂರ್ಖರೇ" ಎಂದವರೂ ಯೇಸುವೇ, "ಬುದ್ಧಿಯಿಲ್ಲದ ಗಲಾತ್ಯರೇ" ಎಂದು ಬರೆದವರು ಸಂತ ಪೌಲರೇ. 13ನೇ ಶತಮಾನದ ಧರ್ಮಪಂಡಿತ ಸಂತ ಥಾಮಸ್ ಅಕ್ವಿನಾಸ್ ಇದನ್ನು ಬಿಡಿಸಿ ಹೇಳುತ್ತಾರೆ: ಪದಕ್ಕಿಂತ ಆಡಿದವನ ಮನಸ್ಸು ಮುಖ್ಯ. ಅವಮಾನ ಮಾಡಲೆಂದೇ ಆಡಿದರೆ ಗಂಭೀರ, ತಿದ್ದಲು ಆಡಿದರೆ ಹಾಗಲ್ಲ. ಆದರೆ ಅವರು ಒಂದು ಬೀಗವನ್ನೂ ಹಾಕುತ್ತಾರೆ. ತಮಾಷೆಗೆ ಎಚ್ಚರವಿಲ್ಲದೆ ಹೊಡೆದು ಗಾಯ ಮಾಡಿದವನು ಹೇಗೆ ನಿರಪರಾಧಿಯಲ್ಲವೋ, ಹಾಗೆ ಯೋಚಿಸದೆ ಆಡಿ ಒಬ್ಬರ ಮಾನ ಕಳೆದವನೂ ಅಲ್ಲ. ತುಮಕೂರು ಕಡೆಯ ಅಜ್ಜ ಮೊಮ್ಮಗನನ್ನು "ಬಾರೋ ಬಡ್ಡಿಮಗನೆ" ಅಂತ ತೊಡೆ ಮೇಲೆ ಕೂರಿಸಿಕೊಂಡರೆ ಆ ಮಾತಿನಲ್ಲಿ ಇರುವುದು ಮುದ್ದು. ಅದೇ ಪದವನ್ನು ಕೂಲಿ ಕೇಳಲು ಬಂದವನಿಗೆ ಅಂದರೆ ಅದು ಬೇರೆಯೇ ಮಾತು.

ಶಾಪವೂ ಇಲ್ಲಿಗೇ ಸೇರುತ್ತದೆ. "ನಿನ್ನ ಮನೆ ಹಾಳಾಗ" ಎಂಬುದು ಬಾಯಿಪಾಠವಾಗಿ ಬರುವುದುಂಟು, ನಿಜವಾಗಿ ಕೇಡು ಬಯಸಿ ಬರುವುದೂ ಉಂಟು. ಜಮೀನು ಜಗಳದಲ್ಲಿ ಹಿಡಿ ಮಣ್ಣು ತೂರಿ ಶಪಿಸುವುದು, ವೈರಿಗೆ ಕೆಡುಕಾಗಲಿ ಎಂದು ಮಾತೆಯ ಮುಂದೆ ಮೊಂಬತ್ತಿ ಹಚ್ಚುವುದು ಎರಡೂ ಸಲ್ಲವು. ಎರಡನೆಯದರಲ್ಲಿ ಮರಿಯಮ್ಮನವರ ಹೆಸರಿನ ದುರ್ಬಳಕೆಯೂ ಸೇರಿ ತಪ್ಪು ಇಮ್ಮಡಿಯಾಗುತ್ತದೆ. ಪಕ್ಕದ ಮನೆಯವರ ದೇವರನ್ನು ಎತ್ತಿ ಬೈಯುವುದೂ ಪ್ರೀತಿಯ ಕಟ್ಟಳೆಗೆ ವಿರುದ್ಧ. ಅವರ ದೇವರು, ನಮ್ಮದಲ್ಲ ಎಂಬ ಸಬೂಬು ನಡೆಯುವುದಿಲ್ಲ.

ಯಾರ ಮೇಲೂ ಬೀಳದ್ದು

ಕಾಲು ಎಡವಿದಾಗ, ಸ್ಪ್ಯಾನರ್ ಜಾರಿದಾಗ, ಕರೆಂಟು ಹೋದಾಗ ಬಾಯಿಂದ ಬರುವ ಪೋಲಿ ಪದ ಹೆಚ್ಚಿನ ಸಲ ಅಲ್ಪ ಪಾಪ, ಎಷ್ಟೋ ಸಲ ಅದೂ ಅಲ್ಲ. ಹೇಲು, ಉಚ್ಚೆ, ಕುಂಡಿ ಎಂಬವು ಹೊಲಮನೆಯಲ್ಲಿ, ಡಾಕ್ಟರ ಮುಂದೆ ಬಳಸುವ ಸಾದಾ ಪದಗಳು. ಅವಕ್ಕೆ ಪಾಪದ ಲೇಪ ಹಚ್ಚಬೇಡಿ. ಆದರೂ ಸಂತ ಪೌಲರು ಎಫೆಸದವರಿಗೆ ಹೊಲಸು ಮಾತು, ಪೋಲಿ ಹಾಸ್ಯ ನಿಮಗೆ ತಕ್ಕದ್ದಲ್ಲ ಎನ್ನುತ್ತಾರೆ (5:4). ಸಿರಾಖನ ಗ್ರಂಥದ 23ನೇ ಅಧ್ಯಾಯ, ಬೈಗುಳಕ್ಕೆ ಪಳಗಿದವನು ಬದುಕಿಡೀ ತಿದ್ದಿಕೊಳ್ಳಲಾರ ಎಂದು ಎಚ್ಚರಿಸುತ್ತದೆ. ಗಾಳಿಗೆ ಆಡಿ ಪಳಗಿದ ಬಾಯಿ ಕೋಪ ಬಂದಾಗ ಅದೇ ಪದವನ್ನು ಮನುಷ್ಯನ ಮೇಲೆ ಎಸೆಯುತ್ತದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಕೆಜಿಎಫ್‌ನಲ್ಲಿ ತಮಿಳು, ನರಸಾಪುರದ ಕಾರ್ಖಾನೆಗಳಲ್ಲಿ ಇಂಗ್ಲಿಷ್, ಹಿಂದಿ. ತಾಯ್ನುಡಿಯಲ್ಲದ ಭಾಷೆಯ ಬೈಗುಳ ಆಡುವವನಿಗೆ ಹಗುರ ಅನಿಸುತ್ತದೆ, ಆ ಭಾಷೆಯಲ್ಲೇ ಹುಟ್ಟಿದವನ ಕಿವಿಗೆ ಪೂರ್ತಿ ತೂಕದಲ್ಲೇ ಬೀಳುತ್ತದೆ. ಅಳೆಯುವಾಗ ಕೇಳಿಸಿಕೊಂಡವರ ಕಿವಿಯಿಂದಲೇ ಅಳೆಯಿರಿ.

ಮಾರಕ ಪಾಪ ಯಾವಾಗ

ಮಾರಕ ಪಾಪ ಎಂದರೆ ದೇವರೊಂದಿಗಿನ ನಂಟನ್ನೇ ಕಡಿಯುವ ಪಾಪ. ಅದಾಗಲು ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಗಂಭೀರ ಎಂದು ಪೂರ್ತಿ ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಆಡಿರಬೇಕು. ಒಂದು ಇಲ್ಲದಿದ್ದರೂ ಮಾರಕ ಪಾಪವಾಗುವುದಿಲ್ಲ. ಹಠಾತ್ ಸಿಟ್ಟು, ವರ್ಷಗಳ ಚಟ ಇವು ಹೊಣೆಯನ್ನು ಕಡಿಮೆ ಮಾಡುತ್ತವೆ. ಆದರೆ ಚಟ ಎಂದು ಗೊತ್ತಾದ ಮೇಲೆ ಬಿಡಲು ಬೆರಳೂ ಅಲ್ಲಾಡಿಸದಿದ್ದರೆ ಆ ರಿಯಾಯಿತಿ ಕರಗುತ್ತದೆ. ಕುಡಿದಾಗ ಮಾತ್ರ ಬೈಯುವವರು ಮೊದಲು ನಿಲ್ಲಿಸಬೇಕಾದದ್ದು ಕುಡಿತವನ್ನು.

ಬಿಡಿಸುವ ಕೆಲಸ

ಮೊದಲ ಮೂರು ದಿನ ಏನನ್ನೂ ಬಿಡಲು ಹೋಗಬೇಡಿ, ಎಣಿಸಿ ಅಷ್ಟೆ. ಬಲಜೇಬಿನಲ್ಲಿ 20 ಹುಣಸೆ ಬೀಜ ಹಾಕಿಕೊಳ್ಳಿ. ಒಂದು ಬೈಗುಳ ಬಂದಾಗ ಒಂದು ಬೀಜ ಎಡಜೇಬಿಗೆ. ಜೇಬಿಲ್ಲದ ಬಟ್ಟೆಯಾದರೆ ಒಲೆಯ ಪಕ್ಕ ಎರಡು ಡಬ್ಬಿ ಸಾಕು. ರಾತ್ರಿ ಮಲಗುವ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಲ್ಲಿ, ಎಷ್ಟು ಗಂಟೆಗೆ. ಪದವನ್ನು ಬರೆಯಬೇಕಿಲ್ಲ. ಮೂರನೆಯ ರಾತ್ರಿ ಹಾಳೆ ನೋಡಿದರೆ ಜಾಗ ತಾನಾಗಿ ಕಾಣುತ್ತದೆ. ಒಬ್ಬರಿಗೆ ಬೈಕು, ಇನ್ನೊಬ್ಬರಿಗೆ ಸಂಜೆ ಏಳರ ಹಸಿವು, ಮತ್ತೊಬ್ಬರಿಗೆ ಒಬ್ಬ ನಿರ್ದಿಷ್ಟ ಮನುಷ್ಯ.

ಇಲ್ಲಿ ಕೆಡುವುದು ಹೀಗೆ: ಮಧ್ಯಾಹ್ನದೊಳಗೆ ಬೀಜ ಖಾಲಿಯಾಗಿ, ನಾಚಿಕೆಯಾಗಿ, ಎಣಿಕೆಯೇ ನಿಂತುಹೋಗುತ್ತದೆ. ಹಾಗಾದರೆ ಎಲ್ಲವನ್ನೂ ಎಣಿಸಬೇಡಿ. ಸುಳ್ಳು ಆಣೆಯಿದ್ದರೆ ಅದನ್ನು ಮಾತ್ರ, ಅದಿಲ್ಲದಿದ್ದರೆ ಮನುಷ್ಯರ ಮೇಲೆ ಬಿದ್ದದ್ದನ್ನು ಮಾತ್ರ ಎಣಿಸಿ. ಗಾಳಿಗೆ ಹೋದದ್ದು ಮುಂದಿನ ತಿಂಗಳಿಗಿರಲಿ.

ನಾಲ್ಕನೆಯ ದಿನದಿಂದ ತಡೆ. ಕೋಪ ಬಂದಾಗ ಹತ್ತು ಎಣಿಸಿ ಎಂಬ ಸಲಹೆ ರಸ್ತೆಯಲ್ಲಿ ಕೆಲಸಕ್ಕೆ ಬಾರದು, ಒಂದು ಅನ್ನುವುದರೊಳಗೆ ಮಾತು ಹೋಗಿಬಿಟ್ಟಿರುತ್ತದೆ. ಮೈಗೆ ಒಂದು ಕೆಲಸ ಕಲಿಸಿ: ತುಟಿ ಮುಚ್ಚಿ, ನಾಲಿಗೆಯನ್ನು ಮೇಲಂಗಳಕ್ಕೆ ಒತ್ತಿ, ಮೂಗಿನಿಂದ ಉಸಿರು ಪೂರ್ತಿ ಹೊರಗೆ ಬಿಡಿ. ನಾಲಿಗೆ ಒತ್ತಿಕೊಂಡಿರುವಾಗ ಮಾತು ಬರುವುದಿಲ್ಲ. ಇದನ್ನು ಕೋಪವಿಲ್ಲದಾಗ, ಬೆಳಿಗ್ಗೆ ಶಿಲುಬೆ ಗುರುತು ಹಾಕಿದ ಕೂಡಲೇ, ಐದು ಸಲ ಮಾಡಿ. ಜೊತೆಗೆ 141ನೇ ಕೀರ್ತನೆಯ ಸಾಲು: "ಪ್ರಭುವೇ, ನನ್ನ ಬಾಯಿಗೆ ಕಾವಲಿಡು, ನನ್ನ ತುಟಿಗಳ ಬಾಗಿಲನ್ನು ಕಾಯಿ."

ಮೊದಲ ಅಕ್ಷರ ಹೊರಟೇಬಿಟ್ಟರೆ ಅದನ್ನು ನುಂಗಲು ಆಗುವುದಿಲ್ಲ, ತಿರುಗಿಸಲು ಆಗುತ್ತದೆ. "ಮುಂ" ಬಂತೇ, "ಮುಂದೆ ನೋಡ್ಕೊಂಡು ಹೋಗಪ್ಪ" ಎಂದು ಮುಗಿಸಿ. "ನಿನ್ನ" ಬಂತೇ, "ನಿನ್ನ ಕೈ ಮುಗೀತೀನಿ, ಜಾಗ ಬಿಡು". ನೀವು ಹೆಚ್ಚು ಆಡುವ ಎರಡು ಪದಗಳಿಗೆ ಹೀಗೆ ಎರಡು ತಿರುವು ಮೊದಲೇ ಕಟ್ಟಿಟ್ಟುಕೊಂಡು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನೋವಿಗೆ, ಬೇಸರಕ್ಕೆ "ಛೇ", "ಥತ್", "ಅಯ್ಯಯ್ಯೋ" ಸಾಕು.

ಬೈಗುಳದ ಜಾಗಕ್ಕೆ "ಯೇಸುವೇ" ಎಂಬುದನ್ನು ತಂದಿಡುವ ಭಕ್ತರಿದ್ದಾರೆ. ನಿಜವಾಗಿ ಕರೆಯುವಿರಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಲ್ಲು ಕಡಿಯುತ್ತ ಅದೇ ಸಿಟ್ಟಿನ ದನಿಯಲ್ಲಿ ಹೇಳಿದರೆ ಹಗುರವಾದ ತಪ್ಪನ್ನು ಕೊಟ್ಟು ಭಾರವಾದದ್ದನ್ನು ಕೊಂಡಂತಾಗುತ್ತದೆ. ಮೊದಲ ತಿಂಗಳು ಈ ದಾರಿ ಬೇಡ.

ಜಾರಿದಾಗ ರಿಪೇರಿ ಅದೇ ದಿನ ಆಗಬೇಕು. ಸೂರ್ಯ ಮುಳುಗುವವರೆಗೂ ಕೋಪ ಉಳಿಯಬಾರದು ಎಂಬುದು ಎಫೆಸ 4:26. ನಾಲ್ಕು ಜನರ ಮುಂದೆ ಬೈದಿದ್ದರೆ ಕ್ಷಮೆಯೂ ಆ ನಾಲ್ಕು ಜನರ ಮುಂದೆಯೇ. "ಬೆಳಿಗ್ಗೆ ಸಿಟ್ಟಲ್ಲಿ ನಿನ್ನ ತಾಯಿನ ಎತ್ತಿ ಮಾತಾಡ್ದೆ, ತಪ್ಪಾಯ್ತು" ಇಷ್ಟೇ ಸಾಕು. "ಆದ್ರೆ ನೀನೂ…" ಅಂತ ಬಾಲ ಸೇರಿಸಿದರೆ ಕ್ಷಮೆ ಅಲ್ಲೇ ಸತ್ತಿತು. ಯಜಮಾನರು ಹಮಾಲಿಗೆ, ಮನೆಕೆಲಸದವರಿಗೆ ಬೈದ ಮೇಲೆ ಟೀ ಕುಡಿಸಿ, ನೂರು ರೂಪಾಯಿ ಹೆಚ್ಚು ಕೊಟ್ಟು ಸರಿಮಾಡಿದೆವು ಅಂದುಕೊಳ್ಳುತ್ತಾರೆ. ದುಡ್ಡು ಕೊಡಿ, ಬೇಡವೆನ್ನುವುದಿಲ್ಲ, ಆದರೆ ಬಾಯಿಂದ ಹೋದ ಮಾನ ಬಾಯಿಂದಲೇ ಹಿಂದಿರುಗಬೇಕು. ಸುಳ್ಳು ಆಣೆಯಿಂದ ಬಾಕ್ಸಿಗೆ 20 ರೂಪಾಯಿಯಂತೆ 40 ಬಾಕ್ಸಿಗೆ ಹೆಚ್ಚು ತೆಗೆದುಕೊಂಡಿದ್ದರೆ ಆ 800 ರೂಪಾಯಿ ವ್ಯಾಪಾರಿಗೆ ವಾಪಸು ಸೇರಬೇಕು.

ದೇವರ ಹೆಸರಿಗೆ ಆದ ಅಗೌರವಕ್ಕೂ ಪರಿಹಾರದ ಪ್ರಾರ್ಥನೆಯಿದೆ. ಪರಮಪ್ರಸಾದದ ಆಶೀರ್ವಾದದ ಕೊನೆಗೆ ಹೇಳುವ "ದೇವರಿಗೆ ಸ್ತುತಿ, ಅವರ ಪವಿತ್ರ ನಾಮಕ್ಕೆ ಸ್ತುತಿ" ಎಂಬ ಸ್ತುತಿಮಾಲೆಯನ್ನು 1797ರಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲುಯಿಜಿ ಫೆಲಿಚಿ ರಚಿಸಿದ್ದು ಇದೇ ಕಾರಣಕ್ಕೆ. ಆಣೆ ಹಾಕಿದ ದಿನ ರಾತ್ರಿ ಅದನ್ನು ಒಮ್ಮೆ ನಿಧಾನವಾಗಿ ಹೇಳಿ.

ಪಾಪನಿವೇದನೆಯಲ್ಲಿ ಹೇಳುವುದು ಹೇಗೆ

ಗಂಭೀರವಾದದ್ದನ್ನು ಬಗೆ ಮತ್ತು ಸಂಖ್ಯೆ ಸಹಿತ ಹೇಳಬೇಕು. ಮಾರಕ ಪಾಪದ ಅರಿವಿದ್ದರೆ ಪರಮಪ್ರಸಾದಕ್ಕೆ ಮುಂಚೆಯೇ. ಅಲ್ಪ ಪಾಪಗಳನ್ನು ಹೇಳುವುದು ಕಡ್ಡಾಯವಲ್ಲ, ಹೇಳಿದರೆ ಒಳ್ಳೆಯದು. ಆಡಿದ ಪದವನ್ನೇ ಫಾದರ್ ಮುಂದೆ ಪುನಃ ಉಚ್ಚರಿಸಬೇಕಿಲ್ಲ. "ಕೆಟ್ಟ ಮಾತಾಡಿದೆ" ಎಂಬುದರ ಬದಲು ಹೀಗೆ: "ವ್ಯಾಪಾರದಲ್ಲಿ ಎರಡು ಸಲ ದೇವರ ಹೆಸರಲ್ಲಿ ಸುಳ್ಳು ಆಣೆ ಮಾಡಿದೆ, ಅದರಿಂದ ದುಡ್ಡು ಬಂತು. ಕೆಲಸದವನನ್ನು ಜನರೆದುರು ತಾಯಿ ಎತ್ತಿ ಬೈದೆ, ಒಂದು ಸಲ. ಮಕ್ಕಳ ಮುಂದೆ ದಿನಾ ಹೊಲಸು ಮಾತು ಬರುತ್ತಿದೆ." ಜಾತಿ ಎತ್ತಿದ್ದರೆ ಅದನ್ನು ಬಿಡಿಸಿ ಹೇಳಿ. ಸಂಖ್ಯೆ ನೆನಪಿಲ್ಲದಿದ್ದರೆ "ವಾರಕ್ಕೆ ಸುಮಾರು ಇಷ್ಟು" ಅಂದರೆ ಸಾಕು. ನಾಚಿಕೆಗೆ ಅರೆಬರೆ ಇಂಗ್ಲಿಷಿನಲ್ಲಿ ಹೇಳುವುದಕ್ಕಿಂತ ಬೈದ ಭಾಷೆಯಲ್ಲೇ ಹೇಳುವುದು ಸಲೀಸು.

ಮಕ್ಕಳ ಬಾಯಲ್ಲಿ ಬಂದಾಗ

ಏಳು ತುಂಬದ ಮಗುವಿಗೆ ಪದದ ಅರ್ಥವೇ ಗೊತ್ತಿರುವುದಿಲ್ಲ. ನಗಬೇಡಿ. ನಕ್ಕರೆ ಮಗು ಅದನ್ನು ನೆಂಟರ ಮುಂದೆ ಮತ್ತೆ ಆಡುತ್ತದೆ. ಬಾಯಿಗೆ ಖಾರ ಹಾಕುವುದು, ತುಟಿಗೆ ಹೊಡೆಯುವುದು ಬೇಡವೇ ಬೇಡ, ಪದದ ಜೊತೆ ಭಯ ಅಂಟಿ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು "ಈ ಮಾತು ಎಲ್ಲಿ ಕೇಳ್ದೆ ಪುಟ್ಟ" ಅಂತ ಕೇಳಿ. ಹೆಚ್ಚಿನ ಸಲ ಉತ್ತರ "ಅಪ್ಪ ಫೋನಲ್ಲಿ ಹೇಳ್ತಿದ್ರು" ಎಂದಿರುತ್ತದೆ. ಆಗ ಮಗುವಿನ ಎದುರೇ ಅಪ್ಪ "ಅದು ನನ್ನ ತಪ್ಪು, ಇನ್ಮೇಲೆ ಹೇಳಲ್ಲ" ಅನ್ನಲಿ.

ಹತ್ತು ದಾಟಿದವರಿಗೆ ಅರ್ಥ ಹೇಳಿ. ಬೋಳಿ ಎಂದರೆ ಯಾರು, ಆ ಪದ ಹುಟ್ಟಿದ್ದು ಹೇಗೆ, ತಲೆ ಬೋಳಿಸಿಕೊಂಡು ಮೂಲೆ ಸೇರಿದ ಹೆಂಗಸರ ಬದುಕು ಹೇಗಿತ್ತು ಎಂದು ಬಿಡಿಸಿ ಹೇಳಿದರೆ ಹತ್ತರಲ್ಲಿ ಎಂಟು ಮಕ್ಕಳ ಮುಖ ಸಪ್ಪಗಾಗುತ್ತದೆ. ವಾಟ್ಸಾಪಿನ ಸ್ಟಿಕ್ಕರು, ಮೂರಕ್ಷರದ ಇಂಗ್ಲಿಷ್ ಮೊಟಕುಗಳು, ಬೀಪ್ ಹಾಕಿದ ವಿಡಿಯೋ ಫಾರ್ವರ್ಡುಗಳಿಗೂ ಇದೇ ಅಳತೆ: ಬಿದ್ದದ್ದು ಯಾರ ಮೇಲೆ? ಒಂದು ವ್ಯತ್ಯಾಸವಿದೆ. ಬಾಯಿಂದ ಬಂದದ್ದನ್ನು ಕೇಳುವವರು ನಾಲ್ಕು ಜನ, ಗ್ರೂಪಿಗೆ ಹಾಕಿದ್ದನ್ನು ಓದುವವರು ಇನ್ನೂರು. ಹಾಕಿದ್ದನ್ನು ಅಳಿಸಿ, ಅದೇ ಗ್ರೂಪಿನಲ್ಲಿ "ತಪ್ಪಾಯ್ತು" ಎಂದು ಹೆಸರು ಹಿಡಿದು ಬರೆಯುವುದನ್ನು ಅವರ ಕೈಯಿಂದಲೇ ಮಾಡಿಸಿ, ನೀವು ಪಕ್ಕದಲ್ಲಿ ಕೂತಿರಿ.